ಜೀನಿನ ಒಳಮೈ

“ಬುದ್ಧಿ, ಎಷ್ಟು ಪ್ರೀತಿ ತೋರಿಸಿದರೂ ಒಬ್ಬನ ಮನಸ್ಸು ಮೆತ್ತಗಾಗುವುದೇ ಇಲ್ಲ ಅಂದರೆ ತಪ್ಪು ಯಾರದು?” ಎಂದು ಮುರಿಗಯ್ಯ ಗುರುಗಳನ್ನು ಕೇಳಿದ.

ಕೇಳುವಾಗಲೇ ಉತ್ತರ ಅವನ ಬಳಿ ತಯಾರಿತ್ತು. ತಪ್ಪು ಪಂಪಯ್ಯನದು. ಅದನ್ನೇ ಗುರುಗಳು ತಮ್ಮ ಬಾಯಿಂದ ಹೇಳಿಬಿಟ್ಟರೆ ಅವನಿಗೆ ಸಮಾಧಾನವಾಗುತ್ತಿತ್ತು. ಮುರಿಗಯ್ಯ ಮಠದ ಅಡುಗೆಮನೆ ನೋಡಿಕೊಳ್ಳುವವನು. ಪಂಪಯ್ಯ ಅವನ ಜೊತೆಯ ಶಿಷ್ಯ, ಪಂಕ್ತಿಯಲ್ಲಿ ಬಡಿಸುವವನು. ಇಬ್ಬರೂ ಚಿಕ್ಕವರಿದ್ದಾಗ ಒಟ್ಟಿಗೇ ಮಠಕ್ಕೆ ಬಂದವರು, ಒಂದೇ ಕಂಬಳಿ ಹೊದ್ದು ಬೆಳೆದವರು. ಈಗ ಪಂಪಯ್ಯ ಬಟ್ಟೆಬರೆ ಗಂಟು ಕಟ್ಟಿಟ್ಟಿದ್ದ. ಮಧ್ಯಾಹ್ನದ ಪಂಕ್ತಿ ಮುಗಿಸಿ ಬೇರೆ ಮಠಕ್ಕೆ ಹೋಗುತ್ತೇನೆ ಎಂದು ಬೆಳಿಗ್ಗೆಯೇ ಬಂದು ಗುರುಗಳ ಅಪ್ಪಣೆ ಕೇಳಿದ್ದ. ಯಾಕೆಂದು ಹೇಳಿರಲಿಲ್ಲ.

ಪಂಪಯ್ಯ ಹೋಗಿಬಿಟ್ಟರೆ ತನ್ನವರು ಎನ್ನಲು ಮುರಿಗಯ್ಯನಿಗೆ ಲೋಕದಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ಅದನ್ನು ಹೇಳುವ ಬದಲು ಅವನು ತಾನು ಮಾಡಿದ ಉಪಕಾರಗಳನ್ನು ಹೇಳತೊಡಗಿದ. ಭಕ್ತರು ಕೊಟ್ಟ ಹೊಸ ಕಂಬಳಿಯನ್ನು ಅವನಿಗೇ ಬಿಟ್ಟುಕೊಟ್ಟೆ. ಜ್ವರ ಬಂದಾಗ ಗಂಜಿ ಕಾಯಿಸಿ ಹಾಸಿಗೆಯ ಬಳಿಗೇ ಒಯ್ದೆ. ಎದುರು ಸಿಕ್ಕಾಗಲೆಲ್ಲ ನಾನೇ ಮೊದಲು ಮಾತಾಡಿಸುತ್ತೇನೆ. ಬಡಿಸುವವನು ಅವನಾದರೂ, ಅವನು ಊಟಕ್ಕೆ ಕೂತಾಗ ನಾನೇ ಹೋಗಿ ತುಪ್ಪ ಬಡಿಸುತ್ತೇನೆ, ಬೇರೆಯವರಿಗಿಂತ ಒಂದು ಸೌಟು ಹೆಚ್ಚಾಗಿ. ಅವನೋ ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾನೆ, ಮುಖ ಕೊಟ್ಟು ಮಾತಾಡುವುದಿಲ್ಲ. ಇನ್ನು ನನ್ನ ಕೈಲಿ ಆಗುವುದಿಲ್ಲ, ತಾವೇ ಕರೆದು ಬುದ್ಧಿ ಹೇಳಿ ಅವನನ್ನು ನಿಲ್ಲಿಸಬೇಕು, ಎಂದು ಕೈ ಮುಗಿದ.

ಇಷ್ಟೆಲ್ಲ ಹೇಳಿದವನು ಒಂದು ಸಂಗತಿಯನ್ನು ಮಾತ್ರ ಎತ್ತಲಿಲ್ಲ. ಹಿಂದಿನ ಸುಗ್ಗಿಯಲ್ಲಿ ಅಡುಗೆಮನೆಯ ತುಪ್ಪದ ಗಡಿಗೆ ಕಾಣೆಯಾಗಿತ್ತು. ತುಂಬಿದ ಪಂಕ್ತಿಯ ನಡುವೆ ನಿಂತು, ತುಪ್ಪ ಯಾರ ಹೊಟ್ಟೆ ಸೇರಿತೆಂದು ಬಡಿಸುವವರನ್ನೇ ಕೇಳಿ ಎಂದು ಮುರಿಗಯ್ಯ ಹೇಳಿದ್ದ. ಜನ ನಕ್ಕಿದ್ದರು. ಪಂಪಯ್ಯ ಕೈಯಲ್ಲಿದ್ದ ಅನ್ನದ ಬುಟ್ಟಿಯನ್ನು ಕೆಳಗಿಟ್ಟು ಒಳಗೆ ಹೋಗಿದ್ದ. ಆಮೇಲೆ ಗಡಿಗೆ ಅಟ್ಟದ ಮೇಲೆ ಸಿಕ್ಕಿತು. ಇರುವೆ ಕಾಟಕ್ಕೆಂದು ಮುರಿಗಯ್ಯನೇ ಅದನ್ನು ಅಲ್ಲಿಟ್ಟು ಮರೆತಿದ್ದ. ಸಿಕ್ಕ ಗಡಿಗೆಯನ್ನು ಅವನು ಸದ್ದಿಲ್ಲದೆ ಇಳಿಸಿ ಮತ್ತೆ ಅದರ ಜಾಗದಲ್ಲಿಟ್ಟ. ಯಾರಿಗೂ ಏನೂ ಹೇಳಲಿಲ್ಲ. ಅವನು ಹೇಳಿದ ಉಪಕಾರಗಳೆಲ್ಲ ಶುರುವಾದದ್ದು ಅದರ ಮರುದಿನದಿಂದ.

ಗುರುಗಳಿಗೆ ಇದು ತಿಳಿದಿತ್ತೋ ಇಲ್ಲವೋ ಮುರಿಗಯ್ಯನಿಗೆ ಗೊತ್ತಿರಲಿಲ್ಲ. ಅವರು ಅವನನ್ನು ಕೂರಲು ಹೇಳಿ ಒಂದು ಕತೆ ಶುರುಮಾಡಿದರು.

ಒಬ್ಬ ನಾಯಕನ ಲಾಯದಲ್ಲಿ ಒಬ್ಬ ಸವಾರನಿದ್ದ. ಅವನಿಗೊಂದು ಹೆಣ್ಣುಕುದುರೆ ಇತ್ತು. ಅದು ಹುಟ್ಟಿದ ಕೆಲವೇ ದಿನಕ್ಕೆ ತಾಯಿ ಸತ್ತಿತ್ತು. ಸವಾರ ಅದಕ್ಕೆ ಮೇಕೆಯ ಹಾಲು ಕುಡಿಸಿ, ಬೆಲ್ಲ ಹಾಕಿದ ಹುರುಳಿ ತಿನ್ನಿಸಿ, ತನ್ನ ಬೆನ್ನ ಹಿಂದೆಯೇ ತಿರುಗಾಡಿಸಿಕೊಂಡು ಬೆಳೆಸಿದ. ಅದರ ಬೆನ್ನಿಗೆ ಮೊದಲ ಸಲ ಕೂರುವ ತೊಗಲಿನ ಜೀನು ಏರಿಸಿದವನೂ ಅವನೇ. ಆಗ ಅದು ಕಿವಿಯನ್ನೂ ಅಲ್ಲಾಡಿಸದೆ ನಿಂತಿತ್ತಂತೆ. ಲಾಯದವರೆಲ್ಲ ಇವನ ಮಗಳು ಎಂದೇ ಅದನ್ನು ಕರೆಯುತ್ತಿದ್ದರು. ಅವನಿಗೂ ಅದು ಹಿತವಾಗಿಯೇ ಇತ್ತು.

ಆ ಲಾಯದಲ್ಲಿ ಒಂದು ಪದ್ಧತಿ ಇತ್ತು. ಸಂಜೆ ಸವಾರಿ ಮುಗಿದ ಮೇಲೆ ಜೀನು, ಲಗಾಮು, ಜೀನನ್ನು ಬಿಗಿಯುವ ಹೊಟ್ಟೆಪಟ್ಟಿ, ಕಾಲಿನ ಬೂಟು ಎಲ್ಲವನ್ನೂ ಕುದುರೆಯಾಳುಗಳು ಹಿತ್ತಲ ತೊಟ್ಟಿಗೆ ಒಯ್ಯಬೇಕು. ಅಲ್ಲಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು, ಅಂಟುವಾಳದ ನೀರಿನಲ್ಲಿ ಬಟ್ಟೆ ಹಿಂಡಿಕೊಂಡು, ಬೆವರು ಧೂಳನ್ನೆಲ್ಲ ಒರೆಸಿ ನೆರಳಿನಲ್ಲಿ ಆರಲು ಬಿಡಬೇಕು. ಆರಿದ ಮೇಲೆ ಅದು ಮುಂದಿನ ಜಗಲಿಗೆ ಬರುತ್ತದೆ. ಜಗಲಿಯ ಮೇಲೆ ಸವಾರರು ಸಾಲಾಗಿ ಕೂತಿರುತ್ತಾರೆ. ಅವರು ತಮ್ಮ ತಮ್ಮ ಜೀನನ್ನು ತೊಡೆಯ ಮೇಲಿಟ್ಟುಕೊಂಡು ಹರಳೆಣ್ಣೆ ತಿಕ್ಕುತ್ತಾರೆ. ದಾರಿಯಲ್ಲಿ ಹೋಗುವವರು ನಿಂತು ನೋಡುತ್ತಾರೆ. ಯಾರ ಜೀನು ಹೆಚ್ಚು ಹೊಳೆಯುತ್ತದೆ ಎಂದು ಸವಾರರಲ್ಲಿ ಪೈಪೋಟಿ ಬೇರೆ. ಎಣ್ಣೆ ಹಚ್ಚುವುದು ಸವಾರನ ಮರ್ಯಾದೆ, ಒರೆಸುವುದು ಆಳಿನ ಕೆಲಸ. ಹೀಗೆಂದು ಯಾರೂ ಶಾಸನ ಬರೆಸಿರಲಿಲ್ಲ. ಆದರೂ ಅದನ್ನು ಮೀರಿದವರಿರಲಿಲ್ಲ.

ಈ ಸವಾರನ ಆಳು ಮುದುಕನಾಗಿದ್ದ. ಒಂದು ದಿನ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಮಗಳ ಊರಿಗೆ ಹೊರಟುಹೋದ. ಬೇರೆ ಆಳನ್ನು ಕೊಡುತ್ತೇನೆ ಎಂದು ಲಾಯದ ಯಜಮಾನ ಹೇಳಿದನೇ ಹೊರತು ಕೊಡಲಿಲ್ಲ. ಪಕ್ಕದವನ ಆಳನ್ನು ಕೇಳೋಣವೆಂದರೆ ಸವಾರನಿಗೆ ಬಿಗುಮಾನ. ಒಂದು ಸಂಜೆ ತಾನೇ ಜೀನನ್ನು ಹೆಗಲಿಗೇರಿಸಿಕೊಂಡು ಹಿತ್ತಲಿಗೆ ಹೋದ. ತೊಟ್ಟಿಯ ಬಳಿ ಆಳುಗಳು ಏನೋ ಹೇಳಿಕೊಂಡು ನಗುತ್ತಿದ್ದರು. ಆ ನಗು ಅವನ ಮೇಲಲ್ಲದಿರಬಹುದು. ಆದರೆ ಅವನು ಕಾಲು ತೊಳೆಯಲು ಬಂದವನ ಹಾಗೆ ಕಾಲಿಗೆ ಎರಡು ಚೊಂಬು ನೀರು ಹೊಯ್ದುಕೊಂಡು, ಹೊತ್ತ ಜೀನನ್ನು ಹೊತ್ತಂತೆಯೇ ವಾಪಸು ತಂದ. ಜಗಲಿಯ ಮೇಲೆ ಕೂತು ಬೆವರಿನ ಮೇಲೆಯೇ ಎಣ್ಣೆ ಹಚ್ಚಿದ. ಜೀನು ಎಂದಿನಂತೆ ಹೊಳೆಯಿತು. ಒಂದು ದಿನಕ್ಕೆ ಏನಾಗುತ್ತದೆ ಎಂದುಕೊಂಡ. ಮರುದಿನವೂ ಹಾಗೆಯೇ ಅಂದುಕೊಂಡ.

ಒರೆಸದೇ ಇದ್ದದ್ದು ಅವನ ಮನಸ್ಸಿಗೆ ಚುಚ್ಚದೆ ಇರಲಿಲ್ಲ. ಅದಕ್ಕೇ ಎಣ್ಣೆಯನ್ನು ಹೆಚ್ಚು ಮಾಡಿದ. ಬೇರೆಯವರು ಅಂಗೈಯಲ್ಲಿ ಎಣ್ಣೆ ತೆಗೆದುಕೊಂಡರೆ ಇವನು ಬಟ್ಟಲಿನಲ್ಲೇ ಸುರಿದ. ಬೂಟಿಗೂ ಅಷ್ಟೇ, ಕೆಸರು ಒಣಗಿ ಉದುರುವ ಮೊದಲೇ ಅದರ ಮೇಲೆ ಎಣ್ಣೆ. ಇವನಷ್ಟು ಕಾಳಜಿಯ ಸವಾರ ಇನ್ನೊಬ್ಬನಿಲ್ಲ ಎಂದು ಹೋಗಿಬರುವ ಜನ ಹೇಳುವುದು ಕಿವಿಗೆ ಬೀಳುತ್ತಿತ್ತು. ಅವನು ಆ ಮಾತನ್ನು ನಂಬಿದ. ನಂಬುವುದು ಅವನಿಗೆ ಬೇಕೂ ಆಗಿತ್ತು.

ದಿನ ಕಳೆದಂತೆ ಕುದುರೆಯ ಗುಣ ಬದಲಾಯಿತು. ಜೀನು ತರುವುದನ್ನು ಕಂಡರೆ ಕಿವಿಯನ್ನು ಹಿಂದಕ್ಕೆ ಮಡಚತೊಡಗಿತು. ಹೊಟ್ಟೆಪಟ್ಟಿ ಬಿಗಿಯಲು ಬಗ್ಗಿದರೆ ಸರಕ್ಕನೆ ಪಕ್ಕಕ್ಕೆ ಸರಿಯಿತು. ಒಂದು ಬೆಳಿಗ್ಗೆ ಅವನ ತೋಳಿಗೇ ಬಾಯಿ ಹಾಕಿತು. ಅವನಿಗೆ ಕಚ್ಚಿದ ನೋವಿಗಿಂತ ಅದು ಕಚ್ಚಿತಲ್ಲ ಎಂಬ ನೋವೇ ಹೆಚ್ಚಾಯಿತು. ಅವನು ಗೋಡೆಯ ಕಡೆ ತಿರುಗಿ ಅತ್ತ. ಕೈಯಾರೆ ಹಾಲು ಕುಡಿಸಿ ಸಾಕಿದ್ದೇನೆ, ಬೆಣ್ಣೆಯಂಥ ಜೀನು ಹಾಕುತ್ತಿದ್ದೇನೆ, ಇದಕ್ಕೆ ನನ್ನ ಮೇಲೆ ಯಾಕೆ ಈ ಹಗೆ ಎಂದು ಕೊರಗಿದ. ಆ ಸಂಜೆ ಇನ್ನೂ ಒಂದು ಬಟ್ಟಲು ಎಣ್ಣೆ ಹೆಚ್ಚಿಗೆ ಹಚ್ಚಿದ.

ಇಲ್ಲಿ ಮುರಿಗಯ್ಯನಿಗೆ ತಡೆದುಕೊಳ್ಳಲಾಗಲಿಲ್ಲ. ಸವಾರನ ಮೇಲೆ ಅವನಿಗೆ ಒಡಹುಟ್ಟಿದವನ ಮೇಲಿನಂಥ ಮರುಕ ಹುಟ್ಟಿತ್ತು. ತನ್ನ ಪಾಡೂ ಇದೇ ಅಲ್ಲವೇ ಅನ್ನಿಸಿತ್ತು. ಕೆಲವು ಪ್ರಾಣಿಗಳ ಜಾತಿಯೇ ಹಾಗೆ, ಮಾಡಿದ ಉಪಕಾರ ಅವುಗಳ ತಲೆಗೆ ಹತ್ತುವುದಿಲ್ಲ, ಎಂದು ಗುರುಗಳಿಗೆ ವಿವರಿಸಿಯೇ ಬಿಟ್ಟ. ಅವನ ಮಾತು ಮುಗಿಯುವವರೆಗೆ ಕಾದು ಗುರುಗಳು ಕತೆ ಮುಂದುವರಿಸಿದರು.

ಕುದುರೆ ಕಚ್ಚುವ ಸುದ್ದಿ ಯಜಮಾನನಿಗೆ ಮುಟ್ಟಿತು. ಸವಾರನಿಗೇ ಬಗ್ಗದ ಕುದುರೆ ಲಾಯಕ್ಕೆ ಬೇಡ, ಸುಣ್ಣದ ಗೂಡಿನವರು ಹೇರು ಹೊರಲು ಪ್ರಾಣಿ ಹುಡುಕುತ್ತಿದ್ದಾರೆ, ಅವರಿಗೆ ಕೊಟ್ಟುಬಿಡೋಣ ಎಂದ. ಸುಣ್ಣದ ಹೇರಿಗೆ ಹೋದ ಕುದುರೆಯ ಗತಿ ಲಾಯದಲ್ಲಿ ಎಲ್ಲರಿಗೂ ಗೊತ್ತಿತ್ತು. ಗೊರಸು ಬೆಂದು, ಕಣ್ಣು ಉರಿದು, ಹೆಚ್ಚು ಕಾಲ ಬದುಕುವುದಿಲ್ಲ. ಸವಾರ ಯಜಮಾನನ ಕಾಲು ಹಿಡಿದ. ನಾಯಕರು ಕುದುರೆಗಳನ್ನು ನೋಡಲು ಬರುವ ದಿನ ಎಲ್ಲರೆದುರು ಜೀನು ಕಟ್ಟಿ ಹತ್ತಿ ತೋರಿಸುತ್ತೇನೆ, ಅದು ಸುಮ್ಮನೆ ನಿಂತರೆ ಉಳಿಸಿಕೊಳ್ಳಿ, ಇಲ್ಲದಿದ್ದರೆ ನಿಮ್ಮ ಇಷ್ಟ ಎಂದು ಒಪ್ಪಿಸಿದ.

ಆ ದಿನ ಬಂತು. ಸವಾರ ಬೆಳಗಿನಿಂದ ಜೀನಿಗೆ ಎಣ್ಣೆ ತಿಕ್ಕಿದ್ದ. ಬಿಸಿಲಿಗೆ ಹಿಡಿದರೆ ಕಣ್ಣು ಕುಕ್ಕುವ ಹಾಗಿತ್ತು. ಅಂಗಳದ ಸುತ್ತ ಸವಾರರು, ಆಳುಗಳು, ಊರಿನವರು, ಎತ್ತರದ ಕಟ್ಟೆಯ ಮೇಲೆ ನಾಯಕ. ಸವಾರ ಕುದುರೆಯ ಕುತ್ತಿಗೆ ಸವರಿ, ಚಿಕ್ಕಂದಿನಲ್ಲಿ ಕರೆಯುತ್ತಿದ್ದ ಹೆಸರು ಹಿಡಿದು ಕರೆದು, ಬೆನ್ನಿಗೆ ಜೀನು ಏರಿಸಿದ. ಅದು ಮೈ ನಡುಗಿಸಿತು, ಆದರೂ ನಿಂತಿತು. ಹೊಟ್ಟೆಪಟ್ಟಿ ಎಳೆದು ಬಿಗಿದ. ಅದು ಹಲ್ಲು ಕಿರಿದು ಕತ್ತು ತಿರುಗಿಸಿತು. ಅವನಿಗೆ ಎಲ್ಲಿಲ್ಲದ ಸಿಟ್ಟು ಬಂತು. ನಿನ್ನನ್ನು ಉಳಿಸಲಿಕ್ಕೇ ಇಷ್ಟೆಲ್ಲ ಮಾಡುತ್ತಿರುವಾಗ ನೀನೇ ಹೀಗೆ ಮಾಡುತ್ತೀಯಲ್ಲ ಎಂದು ಅದುವರೆಗೆ ಎತ್ತದ ಚಾವಟಿಯನ್ನು ಎತ್ತಿ ಒಂದೇಟು ಹೊಡೆದ. ಹೊಡೆದು, ರಿಕಾಬಿಗೆ ಕಾಲು ಕೊಟ್ಟು ಮೈಭಾರ ಬಿಟ್ಟ.

ಹೊಟ್ಟೆಪಟ್ಟಿ ಪಟ್ಟೆಂದು ಕಡಿಯಿತು. ಸವಾರ ಅಂಗಾತ ನೆಲಕ್ಕೆ ಬಿದ್ದ. ಜೀನು ಜಾರಿ ಮಗುಚಿಕೊಂಡು ಅವನ ಎದೆಯ ಮೇಲೆ ಬಂದು ಕೂತಿತು. ಅಂಗಳಕ್ಕೆ ಅಂಗಳವೇ ನಕ್ಕಿತು.

ಅವನು ಏಳಲಿಲ್ಲ. ಏಟು ಬಿದ್ದಿದೆ ಎಂದು ಜನ ಅಂದುಕೊಂಡರು. ಏಟೇನೂ ಬಿದ್ದಿರಲಿಲ್ಲ. ಜೀನಿನ ಒಳಮೈ ಅವನ ಮುಖಕ್ಕೆ ಅಂಗೈ ದೂರದಲ್ಲಿತ್ತು, ಅವನು ಅದನ್ನು ನೋಡುತ್ತಿದ್ದ. ಆಳು ಹೋದಂದಿನಿಂದ ಆ ಕಡೆಯನ್ನು ಅವನು ನೋಡಿಯೇ ಇರಲಿಲ್ಲ. ಬೆವರಿನ ಉಪ್ಪು ಬಿಳಿಯ ಹೊಪ್ಪಳೆಯಾಗಿ ಕಟ್ಟಿತ್ತು. ಅದರ ಮೇಲೆ ಎಣ್ಣೆ, ಎಣ್ಣೆಯ ಮೇಲೆ ಧೂಳು, ಮತ್ತೆ ಬೆವರು, ಮತ್ತೆ ಎಣ್ಣೆ. ಎಲ್ಲ ಸೇರಿ ಕಲ್ಲಿನ ಹಾಗೆ ಗಟ್ಟಿಯಾಗಿ ಏಣು ಎದ್ದಿತ್ತು. ಕಡಿದ ಪಟ್ಟಿಯ ತುದಿಯಲ್ಲಿ ಹೊಲಿಗೆಯ ದಾರ ಕರಗಿ ಪುಡಿಯಾಗಿತ್ತು. ಮೇಲಿನ ಎಣ್ಣೆ ಒಳಗಿನ ಕೊಳೆಯನ್ನು ಕಳೆದಿರಲಿಲ್ಲ, ಹೊರಗೆ ಕಾಣದ ಹಾಗೆ ಮುಚ್ಚಿ ಕಾಪಾಡಿತ್ತು. ಪಟ್ಟಿಯ ಏಣಿನಲ್ಲಿ ಕುದುರೆಯ ಕೂದಲು ಅಂಟಿತ್ತು. ಕೂದಲಿನ ಜೊತೆಗೆ ಒಣಗಿದ ರಕ್ತವೂ ಇತ್ತು.

ಅವನು ತಲೆ ಹೊರಳಿಸಿ ಕುದುರೆಯ ಕಡೆ ನೋಡಿದ. ಜೀನು ಬಿದ್ದುಹೋದ ಮೇಲೆ ಅದು ಓಡಿರಲಿಲ್ಲ, ಒದ್ದಿರಲಿಲ್ಲ. ಅಲ್ಲಿಯೇ ಸುಮ್ಮನೆ ನಿಂತಿತ್ತು. ನಿಂತವರಿಗೆ ಕಾಣದ ಅದರ ಹೊಟ್ಟೆಯ ಕೆಳಗೆ, ಪಟ್ಟಿಯಷ್ಟೇ ಅಗಲಕ್ಕೆ, ಚರ್ಮ ಕಿತ್ತು ಕೆಂಪಗೆ ಹುಣ್ಣಾಗಿತ್ತು. ಅದರ ಪಕ್ಕದಲ್ಲೇ ಈಗ ತಾನೇ ಹೊಡೆದ ಚಾವಟಿಯ ಬಾಸುಂಡೆ. ಕಚ್ಚುತ್ತದೆ ಎಂದು ಅವನು ಊರಿಗೆಲ್ಲ ಹೇಳಿಕೊಂಡು ಬಂದಿದ್ದ. ಅಷ್ಟು ದಿನ ಅದು ಅವನನ್ನು ಬೆನ್ನ ಮೇಲೆ ಹೊತ್ತು ತಿರುಗಿದ್ದು ಆ ಹುಣ್ಣಿನ ಮೇಲೆ ಪಟ್ಟಿ ಬಿಗಿಸಿಕೊಂಡು.

ಮುರಿಗಯ್ಯ ತನ್ನ ಕಾಲಬೆರಳನ್ನು ನೋಡುತ್ತ ಕೂತಿದ್ದ. ಪ್ರಾಣಿಗಳ ಜಾತಿಯ ಬಗ್ಗೆ ತಾನು ಆಡಿದ ಮಾತನ್ನು ಯಾರಾದರೂ ವಾಪಸು ತೆಗೆದುಕೊಡುವುದಾದರೆ ಅವನು ಆಗ ಏನನ್ನಾದರೂ ಕೊಡುತ್ತಿದ್ದ. ಹೊರಗೆ ಪಂಕ್ತಿಗೆ ನೀರು ಚಿಮುಕಿಸಿ ಎಲೆ ಹಾಸುವ ಸದ್ದು ಶುರುವಾಗಿತ್ತು. ಎಲೆ ಹಾಸುವವನು ಪಂಪಯ್ಯ. ಇದು ಆ ಮಠದಲ್ಲಿ ಅವನು ಹಾಸುವ ಕೊನೆಯ ಪಂಕ್ತಿ.

ಸವಾರ ಎದ್ದ, ಎಂದರು ಗುರುಗಳು. ಎದ್ದವನು ಯಾರ ಮುಖವನ್ನೂ ನೋಡಲಿಲ್ಲ. ನೇರವಾಗಿ ಹಿತ್ತಲಿಗೆ ಹೋಗಿ ತೊಟ್ಟಿಯಿಂದ ಒಂದು ಬಾನಿ ಅಂಟುವಾಳದ ನೀರು, ಒಂದು ಚೊಂಬು ಬರೀ ನೀರು, ಒಂದು ಹಳೇ ಬಟ್ಟೆ ತಂದ. ಹಿತ್ತಲಿನಲ್ಲೇ ಕೂತು ಒರೆಸಬಹುದಿತ್ತು, ಆದರೆ ಕೂರಲಿಲ್ಲ. ನಾಯಕನ ಎದುರು, ಸವಾರರೆಲ್ಲರ ಎದುರು, ತಾನು ಕುದುರೆಗೆ ಹೊಡೆದ ಅದೇ ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತ. ಮೊದಲು ಕುದುರೆಯ ಹುಣ್ಣನ್ನು ಬರೀ ನೀರಿನಿಂದ ತೊಳೆದ. ಅದು ಕಚ್ಚಲು ಬಂತು. ಅವನು ತೋಳನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಆಮೇಲೆ ಜೀನನ್ನು ಮಗುಚಿಟ್ಟುಕೊಂಡು ಒರೆಸಲು ಶುರುಮಾಡಿದ.

ನಗು ನಿಂತಿತು. ಯಜಮಾನನಿಗೆ ನಾಯಕನೆದುರು ಮುಖ ಎತ್ತಲಾಗಲಿಲ್ಲ. ಸವಾರನಾದವನು ಒದ್ದೆ ಬಟ್ಟೆ ಹಿಡಿದು ನೆಲದ ಮೇಲೆ ಕೂತರೆ ಲಾಯದ ಮಾನ ಏನಾಗಬೇಕು? ಅವನು ಹತ್ತಿರ ಬಂದು ಬಗ್ಗಿ, “ಏಳಯ್ಯ ಮೇಲೆ. ಆಳುಗಳಿಗೆ ಹೇಳುತ್ತೇನೆ, ಅವರು ಒರೆಸುತ್ತಾರೆ. ನೀನು ಬೇಕಾದರೆ ಆಮೇಲೆ ಎಣ್ಣೆ ಹಚ್ಚುವೆಯಂತೆ,” ಎಂದ.

“ಆಳುಗಳು ಒರೆಸಿದರೆ ಜೀನು ಚೊಕ್ಕಟವಾಗುತ್ತದೆ, ಯಜಮಾನರೇ. ಇದನ್ನು ಹೀಗೆ ಮಾಡಿದವನು ನಾನು ಅಂತ ಈ ಕುದುರೆಗೆ ಹೇಳುವವರು ಯಾರು?” ಎಂದ ಸವಾರ.

ಅವನು ಒರೆಸುತ್ತಲೇ ಹೋದ. ಬಾನಿಯ ನೀರು ಕಪ್ಪಾಯಿತು. ಚೆಲ್ಲಿ ಬೇರೆ ನೀರು ತಂದ. ಅದೂ ಕಪ್ಪಾಯಿತು. ಅಷ್ಟು ದಿನ ಪ್ರೀತಿಯೆಂದು ಹಚ್ಚಿದ್ದ ಎಣ್ಣೆಯೆಲ್ಲ ಕೆಸರಿನ ಬಣ್ಣದಲ್ಲಿ ನೆಲದ ಮೇಲೆ ಹರಿಯಿತು. ಹೊಳಪು ಪೂರ್ತಿ ಹೋಯಿತು. ಜೀನು ಬಡಕಲಾಗಿ, ಬಿರುಕು ಬಿರುಕಾಗಿ, ಇದ್ದದ್ದು ಇದ್ದ ಹಾಗೆ ಕಾಣಿಸಿತು. ನಾಯಕ ಎದ್ದುಹೋದ. ನೋಡಲು ಬಂದವರೂ ಬೇಸರ ಬಂದು ಒಬ್ಬೊಬ್ಬರೇ ಚದುರಿದರು. ಕುದುರೆ ಸ್ವಲ್ಪ ದೂರದಲ್ಲಿ ನಿಂತು ಅವನ ಕೈಯನ್ನೇ ನೋಡುತ್ತಿತ್ತು.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು. ಮುಂದೆ ಹೇಳುತ್ತಾರೆಂದು ಮುರಿಗಯ್ಯ ಕಾದ. ಅವರು ಹೇಳುವ ಹಾಗೆ ಕಾಣಲಿಲ್ಲ. ಹೊರಗೆ ಜನ ಪಂಕ್ತಿಗೆ ಬಂದು ಕೂರುತ್ತಿದ್ದರು. ತುಪ್ಪದ ಮಾತಿಗೆ ಆ ದಿನ ನಕ್ಕವರೇ ಅವರಲ್ಲಿ ಮುಕ್ಕಾಲು ಪಾಲು. ಅವರೆಲ್ಲರ ನಡುವೆ ಎದ್ದು ನಿಂತು, ಗಡಿಗೆಯನ್ನು ಅಟ್ಟಕ್ಕಿಟ್ಟವನು ನಾನು, ಪಂಪಯ್ಯನ ಮೇಲೆ ಸುಳ್ಳು ಹೊರಿಸಿದವನು ನಾನು ಎಂದು ಹೇಳುವುದನ್ನು ಮುರಿಗಯ್ಯ ಒಮ್ಮೆ ಮನಸ್ಸಿನಲ್ಲೇ ಹೇಳಿ ನೋಡಿಕೊಂಡ. ಹೇಳಿದ ಮೇಲೂ ಪಂಪಯ್ಯ ಗಂಟು ಎತ್ತಿಕೊಂಡು ಹೋಗಿಯೇ ಬಿಟ್ಟರೆ? ಮಾನವೂ ಹೋಯಿತು, ಅವನೂ ಹೋದ. ಪಂಪಯ್ಯ ಉಳಿಯುತ್ತಾನೋ ಇಲ್ಲವೋ ಎಂಬುದೊಂದು ಮೊದಲೇ ತಿಳಿದುಬಿಟ್ಟರೆ ಧೈರ್ಯ ಮಾಡಬಹುದಿತ್ತು ಎನ್ನಿಸಿತು ಅವನಿಗೆ.

“ಬುದ್ಧಿ, ಆಮೇಲೆ ಆ ಕುದುರೆ ಅವನಿಗೆ ಉಳಿಯಿತೇ?” ಎಂದು ಕೇಳಿದ.

“ಅದನ್ನು ಕೇಳಿ ತಿಳಿದುಕೊಂಡು ಅವನು ಒರೆಸಲು ಕೂರಲಿಲ್ಲ, ಮುರಿಗಯ್ಯ,” ಎಂದರು ಗುರುಗಳು.

ಮುರಿಗಯ್ಯ ಎದ್ದು ಹೊರಗೆ ಹೋಗಿ, ತುಂಬಿದ ಪಂಕ್ತಿಯ ನಡುವೆ ನಿಂತ.